ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಯುವವರಿಗೆ: ಕಾರಣ ಹುಡುಕುವುದರಿಂದ ಮೊದಲ ಸಾವಿರ ಕಿಲೋಮೀಟರಿನವರೆಗೆ

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ದಾವಣಗೆರೆ ಸುತ್ತಲಿನ ಗ್ಯಾರೇಜುಗಳಿಗೆ ಬಿಸಿಯಾಗಿ ನಿಂತ ಟ್ರ್ಯಾಕ್ಟರುಗಳು ಬರತೊಡಗುತ್ತವೆ. ರೇಡಿಯೇಟರಿನ ತುಂಬ ಜೋಳದ ಹೊಟ್ಟು ಮೆತ್ತಿಕೊಂಡಿರುತ್ತದೆ, ಏರ್ ಕ್ಲೀನರಿನ ಎಣ್ಣೆ ಕೆಸರಾಗಿರುತ್ತದೆ. ಮಾಲೀಕರದು ಒಂದೇ ಮಾತು: "ಎಂಜಿನ್ ಹೋಗಿದೆ ಉಸ್ತಾದ್, ಬಿಚ್ಚಿಬಿಡಿ." ಬಿಚ್ಚುವುದೇನೋ ಸುಲಭ. ಆದರೆ ಹೊಸ ಪಿಸ್ಟನ್, ಲೈನರ್ (ಸಿಲಿಂಡರಿನ ಒಳಗೆ ತೊಡಿಸುವ ಕೊಳವೆ), ರಿಂಗ್ ಹಾಕಿ, ಅದೇ ಕಟ್ಟಿಕೊಂಡ ರೇಡಿಯೇಟರನ್ನು ಮತ್ತೆ ಕೂರಿಸಿ ಕಳುಹಿಸಿದರೆ ಮುಂದಿನ ಸುಗ್ಗಿಗೆ ಅದೇ ಗಾಡಿ ಅದೇ ದೂರು ಹೊತ್ತು ಬಂದು ನಿಲ್ಲುತ್ತದೆ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಗೊತ್ತಾಗದೆ ಹೊಸ ಸಾಮಾನು ಹಾಕಬಾರದು. ಪಾನಾ ಹಿಡಿಯುವ ಮೊದಲೇ ಕಲಿಯಬೇಕಾದ ಪಾಠ ಇದು. ಈ ಬರಹದ ಪ್ರತಿ ಹಂತದಲ್ಲೂ ಇದು ಮತ್ತೆ ಬರುತ್ತದೆ.

ಎಲ್ಲಿ ಕಲಿಯುವುದು, ಯಾವುದರ ಮೇಲೆ ಕಲಿಯುವುದು

ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಐಟಿಐಯಲ್ಲಿ ಎರಡು ದಾರಿಗಳಿವೆ: ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್. ನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸಾರಿಗೆ ಸಂಸ್ಥೆಯ ಕಾರ್ಯಾಗಾರದಲ್ಲೋ ಕಂಪನಿಯ ಸರ್ವಿಸ್ ಸೆಂಟರಿನಲ್ಲೋ ತರಬೇತಿ ಪಡೆಯಬಹುದು. ಓದು ಬೇಡ, ನೇರ ಗ್ಯಾರೇಜಿಗೇ ಹೋಗುತ್ತೇನೆ ಎನ್ನುವವರೂ ಇದ್ದಾರೆ. ಉಸ್ತಾದರ ಕೈಕೆಳಗೆ ಕೈ ಬೇಗ ಪಳಗುತ್ತದೆ ನಿಜ, ಆದರೆ ಮೈಕ್ರೋಮೀಟರ್ ಓದುವುದನ್ನು ಅಲ್ಲಿ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಐಟಿಐ ಓದುತ್ತಲೇ ಸಂಜೆ ಗ್ಯಾರೇಜಿಗೆ ಹೋಗುವವನಷ್ಟು ಚೆನ್ನಾಗಿ ಕಲಿಯುವವರು ಇನ್ನೊಬ್ಬರಿಲ್ಲ.

ಮೊದಲ ಎಂಜಿನ್ ಆಗಿ ಹಳೆಯ ಕಾರ್ಬ್ಯುರೇಟರ್ ಮಾದರಿಯ ಮಾರುತಿ 800 ಸಿಕ್ಕರೆ ಬಿಡಬೇಡಿ. 796 ಸಿಸಿ, ಮೂರು ಸಿಲಿಂಡರ್, 68.5 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಸಿಲಿಂಡರಿಗೆ ಎರಡೇ ವಾಲ್ವ್, ತಲೆಯ ಮೇಲೆ ಒಂದು ಕ್ಯಾಮ್‌ಶಾಫ್ಟ್, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-2. ಇಬ್ಬರು ಸೇರಿದರೆ ಬ್ಲಾಕನ್ನು ಮೇಜಿನ ಮೇಲೆ ಇಡಬಹುದು. ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ಎಂಜಿನ್ ಕೂಡ ಒಳ್ಳೆಯ ಗುರುವೇ. ಕಾಮನ್ ರೈಲ್ ಡೀಸೆಲ್ ಗಾಡಿಗಳನ್ನು ಮಾತ್ರ ಸದ್ಯಕ್ಕೆ ದೂರವಿಡಿ. ಅವುಗಳ ರೈಲಿನಲ್ಲಿ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ, ಸಾವಿರ ಬಾರ್‌ಗಿಂತ ಹೆಚ್ಚಿನ ಒತ್ತಡವಿರಬಹುದು. ಎಂಜಿನ್ ಓಡುತ್ತಿರುವಾಗ ಪೈಪಿನ ನಟ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಆಯುಧಗಳಲ್ಲಿ ರಿಂಗ್ ಪಾನಾ, ಬಾಕ್ಸ್ ಪಾನಾ ಸೆಟ್ಟುಗಳು ಹೇಗೂ ಬೇಕು. ಹಣ ಸುರಿಯಬೇಕಾದ್ದು ಅಳತೆಯ ಸಾಧನಗಳ ಮೇಲೆ: ಟಾರ್ಕ್ ರೆಂಚ್, ಹೊರಗಿನ ಅಳತೆಯ ಮೈಕ್ರೋಮೀಟರ್, ಬೋರ್ ಡಯಲ್ ಗೇಜ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಕಂಪ್ರೆಷನ್ ಗೇಜ್, ಒಂದು ನೇರವಾದ ಉಕ್ಕಿನ ಪಟ್ಟಿ. ಜೊತೆಗೆ ಆ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್. ಈ ಬರಹದಲ್ಲಿ ಬರುವ ಅಂಕಿಗಳು ಅಂದಾಜಿಗೆ ಮಾತ್ರ. ನಿಮ್ಮ ಎಂಜಿನ್ನಿನ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಬಿಚ್ಚುವ ಮೊದಲು

ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಹೊಗೆ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸ್ವಲ್ಪ ಹೊತ್ತು ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ ಮಾತ್ರ ಒಮ್ಮೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲುಗಳ ಮೇಲೆ ಅನುಮಾನ. ಏರು ಹತ್ತುವಾಗ ಎಡೆಬಿಡದೆ ಬಂದರೆ ರಿಂಗ್ ಮತ್ತು ಬೋರಿನ ಮೇಲೆ. ಕಪ್ಪು ಹೊಗೆಗೆ ಗಾಳಿ ಸಾಲದಿರುವುದೋ ಇಂಧನ ಹೆಚ್ಚಾಗಿರುವುದೋ ಕಾರಣ, ಅದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ನಂತರ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲಿನ ತಂತಿ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಎಂಜಿನ್ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ ತೋರಿಸುತ್ತದೆ. ಒತ್ತಡ ಎಷ್ಟಿದೆ ಎನ್ನುವುದರ ಜೊತೆಗೆ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನೂ ನೋಡಿ. ಒಂದು ಸಿಲಿಂಡರಿನಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿತೋ, ಆಯಿಲ್ ರಿಂಗುಗಳ ಸಂದು ಮುಚ್ಚಿದೆ ಎಂದರ್ಥ. ರಿಂಗ್ ಅಥವಾ ಬೋರ್ ಸವೆದಿದೆ. ಏರಲಿಲ್ಲವೋ, ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಥವಾ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಒತ್ತಡ ಬಿದ್ದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವುದೇ ಹೆಚ್ಚು.

ಈ ಅರ್ಧ ಗಂಟೆಯ ಕೆಲಸದಿಂದ ಹೆಡ್ ಮಾತ್ರ ಇಳಿಸಿದರೆ ಸಾಕೋ, ಕ್ರ್ಯಾಂಕ್ ತೆಗೆಯದೆ ಪಿಸ್ಟನ್, ರಿಂಗ್ ಕೆಲಸ ಮಾಡುವ, ಗ್ಯಾರೇಜಿನವರು ಹೇಳುವ ಹಾಫ್ ಎಂಜಿನ್ನೋ, ಕ್ರ್ಯಾಂಕ್ ಕೂಡ ತೆಗೆಯುವ ಫುಲ್ ಎಂಜಿನ್ನೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಇದನ್ನು ಬಿಟ್ಟು ನೇರ ಬಿಚ್ಚಲು ಕೂತವರು ಮಾಲೀಕರ ದುಡ್ಡಿನಲ್ಲಿ ಊಹೆ ಮಾಡುತ್ತಿದ್ದಾರೆ, ಅಷ್ಟೇ.

ಬಿಚ್ಚುವಾಗ

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು. ನೀರು, ಆಯಿಲ್ ಇಳಿಸಿ. ಕಳಚುವ ಪ್ರತಿ ವೈರು, ಹೋಸಿಗೆ ಒಂದು ಟೇಪ್ ಸುತ್ತಿ ಗುರುತು ಬರೆಯಿರಿ; ಮೊಬೈಲಿನಲ್ಲಿ ಫೋಟೋ ಹೇಗೂ ತೆಗೆಯುತ್ತೀರಿ, ಆದರೆ ಗ್ರೀಸ್ ಮೆತ್ತಿದ ಕೈಯಲ್ಲಿ ಫೋಟೋ ಹುಡುಕುವುದಕ್ಕಿಂತ ಟೇಪ್ ನೋಡುವುದು ಬೇಗ. ಚೈನ್ ಬ್ಲಾಕಿನಲ್ಲಿ ಎತ್ತಿದ ಎಂಜಿನ್ ಕೆಳಗೆ ಯಾವ ಕಾರಣಕ್ಕೂ ಕೈ, ಕಾಲು ಹೋಗಬಾರದು.

ಹೆಡ್ ಬೋಲ್ಟುಗಳನ್ನು ಎಂಜಿನ್ ತಣ್ಣಗಿರುವಾಗ, ಹೊರ ಅಂಚಿನಿಂದ ನಡುವಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಬಿಸಿ ಹೆಡ್ಡನ್ನು ಒಂದೇ ಕಡೆಯಿಂದ ಬಿಚ್ಚಿದರೆ ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ. ಹೆಡ್ ಹೋದ ಮೇಲೆ ಬೋರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ ನೋಡಿ. ರಿಂಗ್ ತಲುಪದ ಜಾಗದಲ್ಲಿ ಒಂದು ಮೆಟ್ಟಿಲು ಸಿಕ್ಕಿದರೆ ಬೋರ್ ಸವೆದಿದೆ. ಮೆಟ್ಟಿಲು ದಪ್ಪಗಿದ್ದರೆ ಅದನ್ನು ತೆಗೆಯದೆ ಪಿಸ್ಟನ್ನನ್ನು ಮೇಲಕ್ಕೆ ಹೊಡೆಯಬೇಡಿ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡು ಒಡೆಯುತ್ತದೆ.

ಚೇಂಬರ್, ಅಂದರೆ ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ, ಇಳಿಸಿದಾಗ ತಳದಲ್ಲಿ ಕುಳಿತ ಕೆಸರನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯಿರಿ. ಹೊಳಪು ಕಂಡರೆ ಯಾವುದೋ ಲೋಹ ಸವೆಯುತ್ತಿದೆ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಒಂದಕ್ಕೊಂದು ಜೋಡಿ. ಕಾರ್ಖಾನೆಯಲ್ಲಿ ಎರಡನ್ನೂ ಸೇರಿಸಿಯೇ ಬೋರ್ ಮಾಡಿರುತ್ತಾರೆ. ಮೇನ್ ಕ್ಯಾಪುಗಳೂ ಹಾಗೆಯೇ. ಗುರುತಿಲ್ಲದಿದ್ದರೆ ನಂಬರ್ ಪಂಚಿನಿಂದ ಬಿಚ್ಚುವ ಮೊದಲೇ ಗುರುತು ಹಾಕಿ, ಯಾವ ಬದಿ ಮುಂದೆ ಎಂಬುದನ್ನೂ ಸೇರಿಸಿ.

ಈಗ ಮೆಟಲ್‌ಗಳನ್ನು, ಅಂದರೆ ಗ್ಯಾರೇಜಿನಲ್ಲಿ ಹಾಗೆ ಕರೆಯುವ ಶೆಲ್ ಬೇರಿಂಗುಗಳನ್ನು, ತೆಗೆದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಜೋಡಿಸಿ. ಎಸೆಯುವ ಸಾಮಾನು ಎಂದುಕೊಳ್ಳಬೇಡಿ. ಎಂಜಿನ್ ಯಾಕೆ ಸತ್ತಿತು ಎಂಬ ಸಾಕ್ಷಿ ಇಲ್ಲಿದೆ. ಬೂದು ಮೇಲ್ಪದರ ಸವೆದು ತಾಮ್ರದ ಬಣ್ಣ ಇಣುಕಿದ್ದರೆ ಆಯಸ್ಸು ಮುಗಿದಿದೆ. ಸುತ್ತಲೂ ಸಣ್ಣ ಗೀರುಗಳಿದ್ದರೆ ಆಯಿಲಿನೊಂದಿಗೆ ಮಣ್ಣು ಸುತ್ತಿದೆ. ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿರಬಹುದು. ಕ್ರ್ಯಾಂಕಿನ ಜರ್ನಲ್ (ಮೆಟಲ್‌ನೊಳಗೆ ತಿರುಗುವ ದುಂಡು ಭಾಗ) ನೀಲಿಗಟ್ಟಿದ್ದರೆ ಆಯಿಲ್ ತಲುಪದೆ ಸುಟ್ಟಿದೆ, ಆಯಿಲ್ ಪಂಪು, ಅದರ ಜಾಲರಿ, ದಾರಿಗಳನ್ನು ನೋಡದೆ ಮುಂದೆ ಹೋಗುವಂತಿಲ್ಲ. ಪಿಸ್ಟನ್ನಿನ ಸ್ಕರ್ಟ್ ಮೇಲೆ ಉದ್ದುದ್ದ ಉಜ್ಜಿದ ಗೆರೆಗಳಿದ್ದರೆ ಬಿಸಿಯಾಗಿ ಹಿಡಿದಿದೆ. ಮೇಲಿನ ರಿಂಗ್ ಮಂಕು ಬೂದು ಬಣ್ಣಕ್ಕೆ ತಿರುಗಿ, ಬೋರಿನ ಮೇಲ್ಭಾಗವೇ ವಿಪರೀತ ಸವೆದಿದ್ದರೆ ಧೂಳು ಏರ್ ಕ್ಲೀನರನ್ನು ದಾಟಿ ಬಂದಿದೆ. ಒಕ್ಕಣೆಯ ಟ್ರ್ಯಾಕ್ಟರುಗಳಲ್ಲಿ ಕೊನೆಯದನ್ನು ನೋಡದ ಮೆಕ್ಯಾನಿಕ್ ಇರಲಿಕ್ಕಿಲ್ಲ. ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಸೀಳಿದೆಯೇ, ಕ್ಲಿಪ್ ಸಡಿಲವೇ, ಅಲ್ಲೇ ನೋಡಿ ಬರೆದಿಟ್ಟುಕೊಳ್ಳಿ.

ಅಳತೆ

ಅಳೆಯುವ ಮೊದಲು ಎಲ್ಲವೂ ತೊಳೆದು ಒಣಗಿರಬೇಕು. ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ತೆಗೆದು ಬ್ರಷ್ ಹಾಯಿಸಿ, ಗಾಳಿ ಹೊಡೆಯಿರಿ. ನೀರಿನ ಜಾಕೆಟ್ಟಿನೊಳಗೆ ಇಣುಕಿ. ಜಗಳೂರು, ಚಿತ್ರದುರ್ಗದ ಕಡೆ ಕೊಳವೆಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ತುಂಬಿಸಿ ಓಡಿಸಿದ ಎಂಜಿನ್ನುಗಳಲ್ಲಿ ಸುಣ್ಣದ ಪದರ ಕಲ್ಲಿನಂತೆ ಕೂತಿರುತ್ತದೆ. ಅದಿದ್ದರೆ ಎಷ್ಟು ಹೊಸ ಸಾಮಾನು ಹಾಕಿದರೂ ಎಂಜಿನ್ ಬಿಸಿಯಾಗುವುದು ತಪ್ಪುವುದಿಲ್ಲ. ಬ್ಲಾಕ್ ತೊಳೆಸಿ, ರೇಡಿಯೇಟರ್ ರಾಡಿಂಗ್ (ಕೊಳವೆಗಳೊಳಗೆ ಸಲಾಕೆ ಹಾಯಿಸಿ ಶುಚಿ ಮಾಡುವುದು) ಮಾಡಿಸಿ, ಮುಂದೆ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನಲ್ಲೇ ಬೆರೆಸಬೇಕೆಂದು ಮಾಲೀಕರಿಗೆ ಹೇಳಿ.

ಬೋರ್ ಗೇಜನ್ನು ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಓದಿ: ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಮಾರುತಿಯ 68.50 ಬೋರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮೇಲೆ ಅಡ್ಡಕ್ಕೆ 68.62, ಅಲ್ಲೇ ಉದ್ದಕ್ಕೆ 68.57, ಕೆಳಗೆ ಅಡ್ಡಕ್ಕೆ 68.53 ಬಂತು ಎಂದುಕೊಳ್ಳಿ. ಅಡ್ಡಕ್ಕೂ ಉದ್ದಕ್ಕೂ ಇರುವ 0.05 ಅಂಡಾಕಾರ, ಮೇಲಕ್ಕೂ ಕೆಳಕ್ಕೂ ಇರುವ 0.09 ಟೇಪರ್. ಹೊಸ ರಿಂಗ್ ಹಾಕಿದರೆ ಅದು ಮೇಲೆ ಹಿಗ್ಗಿ ಕೆಳಗೆ ಕುಗ್ಗಬೇಕು, ಪ್ರತಿ ಸ್ಟ್ರೋಕಿಗೂ. ಅದಕ್ಕೇ ಸವೆದ ಬೋರಿಗೆ ಬರೀ ರಿಂಗ್ ಹಾಕಿ ಕಳುಹಿಸಿದ ಗಾಡಿ ಕೆಲವೇ ತಿಂಗಳಲ್ಲಿ ಮತ್ತೆ ಆಯಿಲ್ ಕುಡಿಯತೊಡಗುತ್ತದೆ. ಇಲ್ಲಿ 0.25 ಓವರ್‌ಸೈಜಿಗೆ, ಅಂದರೆ 68.75ಕ್ಕೆ ಬೋರ್ ಮಾಡಿದರೆ ಸವೆದ ಭಾಗವೆಲ್ಲ ಅಳಿಸಿಹೋಗುತ್ತದೆ. ಅದೇ 68.73 ಬಂದಿದ್ದರೆ? ಲೆಕ್ಕಕ್ಕೆ 0.25 ಸಾಕೆನಿಸುತ್ತದೆ, ಆದರೆ ಸವೆತ ಎರಡೂ ಬದಿಗೆ ಸಮನಾಗಿರುವುದಿಲ್ಲ. ಒಂದು ಬದಿಯಲ್ಲಿ ಹಳೆಯ ಗೀರು ಉಳಿದುಬಿಡುತ್ತದೆ. ಆಗ 0.50ಕ್ಕೇ ಹೋಗಬೇಕು, ಎಲ್ಲ ಸಿಲಿಂಡರುಗಳಿಗೂ ಒಂದೇ ಅಳತೆ.

ಬಹಳಷ್ಟು ಟ್ರ್ಯಾಕ್ಟರ್ ಎಂಜಿನ್ನುಗಳಲ್ಲಿ ಲೈನರ್ ಬದಲಿಸುವ ವ್ಯವಸ್ಥೆ ಇರುವುದರಿಂದ ಈ ಲೆಕ್ಕ ಬೇಡ. ಹೊರಮೈಗೆ ನೇರವಾಗಿ ನೀರು ತಾಗುವ ವೆಟ್ ಲೈನರ್ ಆದರೆ ಲೈನರಿನ ಕಾಲರ್ ಬ್ಲಾಕಿನ ಮೇಲ್ಮೈಗಿಂತ ಮ್ಯಾನುಯಲ್ ಹೇಳಿದಷ್ಟೇ ಮೇಲೆ ನಿಂತಿದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಬೇಕು. ತಗ್ಗಿದ್ದರೆ ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಕೆಳಗಿನ ರಬ್ಬರ್ ರಿಂಗ್ ತಿರುಚಿಕೊಂಡರೆ ನೀರು ಚೇಂಬರಿಗೆ ಇಳಿಯುತ್ತದೆ. ಆದ್ದರಿಂದ ಲೈನರ್ ಕೂರಿಸಿದ ಮೇಲೆ ನೀರು ತುಂಬಿಸಿ ಒಂದು ರಾತ್ರಿ ಬಿಡುವುದು ಒಳ್ಳೆಯದು.

ಕ್ರ್ಯಾಂಕಿನ ಪ್ರತಿ ಜರ್ನಲನ್ನೂ ಎರಡು ಜಾಗದಲ್ಲಿ, ಎರಡು ಕೋನದಲ್ಲಿ ಮೈಕ್ರೋಮೀಟರಿನಿಂದ ಅಳೆಯಿರಿ. ಗ್ಯಾರೇಜಿನ ಲೆಕ್ಕ ಇಂದಿಗೂ ಥೌನಲ್ಲಿ, ಅಂದರೆ ಅಂಗುಲದ ಸಾವಿರದ ಒಂದು ಭಾಗದಲ್ಲಿ, ನಡೆಯುತ್ತದೆ: ಹತ್ತು ಥೌ ಎಂದರೆ ಸುಮಾರು 0.25 ಮಿ.ಮೀ., ಇಪ್ಪತ್ತು ಎಂದರೆ 0.50. ಕ್ರ್ಯಾಂಕ್ ಹತ್ತಕ್ಕೆ ಗ್ರೈಂಡ್ ಆದರೆ ಮೆಟಲ್ ಕೂಡ ಹತ್ತರದ್ದೇ ಬೇಕು.

ಲೇತ್ ಅಂಗಡಿಯಲ್ಲಿ

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅಲ್ಲಿ ತಯಾರಾದ ಲೇತುಗಳು ಮಾತ್ರ ಎಷ್ಟೋ ಊರುಗಳ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಯಂತ್ರ ಹಳೆಯದಾದರೂ ತೊಂದರೆಯಿಲ್ಲ, ಓಡಿಸುವ ಕೈ ಮುಖ್ಯ. ಆ ಕೈ ಎಂಥದ್ದೆಂದು ತಿಳಿಯಲು ಒಂದು ಸುಲಭ ದಾರಿಯಿದೆ. ಬ್ಲಾಕ್ ಇಳಿಸಿ "0.25ಕ್ಕೆ ಬೋರ್ ಮಾಡಿ ಕೊಡಿ ಅಣ್ಣ" ಎನ್ನಿ. ಒಳ್ಳೆಯ ಕೆಲಸಗಾರ ಬ್ಲಾಕನ್ನು ಮುಟ್ಟುವ ಮೊದಲೇ ಕೇಳುತ್ತಾನೆ: "ಪಿಸ್ಟನ್ ತಂದಿದ್ದೀರಾ?"

ಕೇಳಬೇಕಾದದ್ದೇ. ಪಿಸ್ಟನ್ ಡಬ್ಬಿಯ ಮೇಲೆ 0.25 ಎಂದಿದ್ದರೂ ಒಂದೊಂದು ಪಿಸ್ಟನ್ ಮಿಲಿಮೀಟರಿನ ನೂರನೇ ಭಾಗದಷ್ಟು ಹೆಚ್ಚುಕಡಿಮೆ ಇರಬಹುದು. ಪಿಸ್ಟನ್ನನ್ನು ಸ್ಕರ್ಟಿನ ಬಳಿ, ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿಗೆ ಅಡ್ಡಲಾಗಿ ಅಳೆದು, ಅದಕ್ಕೆ ಮ್ಯಾನುಯಲ್ ಹೇಳಿದ ಸಂದು ಸೇರಿಸಿ, ಆ ಅಳತೆಗೆ ಬೋರ್ ಮಾಡಿ, ಕೊನೆಯ ಸ್ವಲ್ಪವನ್ನು ಹೋನಿಂಗಿಗೆ, ಅಂದರೆ ಕಲ್ಲಿನಿಂದ ಉಜ್ಜಿ ಮುಗಿಸುವುದಕ್ಕೆ, ಉಳಿಸಬೇಕು. ಹೋನಿಂಗಿನಲ್ಲಿ ಬೋರಿನ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಗೆರೆಗಳು ಬೀಳುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಕನ್ನಡಿಯಂತೆ ನುಣುಪಾದ ಬೋರ್ ನೋಡಲು ಚೆಂದ, ರಿಂಗ್ ಮಾತ್ರ ಅದರಲ್ಲಿ ಪಳಗುವುದಿಲ್ಲ.

ಕ್ರ್ಯಾಂಕ್ ಗ್ರೈಂಡಿಂಗ್ ಮುಗಿದ ಮೇಲೆ ಜರ್ನಲಿನ ಮೂಲೆ ನೋಡಿ. ಅಲ್ಲಿ ದುಂಡನೆಯ ತಿರುವು ಉಳಿದಿರಬೇಕು. ಕತ್ತಿಯಂತೆ ಚೂಪಾದ ಮೂಲೆ ಬಿಟ್ಟರೆ ಕ್ರ್ಯಾಂಕ್ ಅಲ್ಲೇ ಬಿರಿದು ಮುರಿಯುತ್ತದೆ. ಆಯಿಲ್ ತೂತುಗಳ ಬಾಯಿಯ ಅಂಚು ಮುರಿಸಿ, ಒಳಗಿನ ಗ್ರೈಂಡಿಂಗ್ ಪುಡಿ ಹೋಗುವವರೆಗೆ ತೊಳೆಯಿರಿ.

ಹೆಡ್ಡಿನ ತಳಕ್ಕೆ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಇಟ್ಟು ಫೀಲರ್ ಹಾಕಿ ನೋಡಿ. ಕಾರಿನ ಅಲ್ಯೂಮಿನಿಯಂ ಹೆಡ್ಡಿಗೆ ಸಾಮಾನ್ಯವಾಗಿ 0.05 ಮಿ.ಮೀ. ಮೀರಿದರೆ ಮೇಲ್ಮೈ ಸಮ ಮಾಡುವ ಫೇಸಿಂಗ್ ಬೇಕು. ವಾಲ್ವುಗಳನ್ನು ಪೇಸ್ಟ್ ಹಚ್ಚಿ ತಿಕ್ಕಿ, ಸೀಟಿನ ಸುತ್ತ ಒಂದೇ ಅಗಲದ ಬೂದು ಉಂಗುರ ಮೂಡಬೇಕು. ವಾಲ್ವ್ ಜೋಡಿಸಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ತುಂಬಿಸಿ, ಇನ್ನೊಂದು ಬದಿ ಒದ್ದೆಯಾದರೆ ಮತ್ತೆ ತಿಕ್ಕಬೇಕು.

ಬ್ಲಾಕೇ ಒಡೆದಿದ್ದು ಬೇರೆ ಬ್ಲಾಕ್ ಹಾಕುವ ಪ್ರಸಂಗ ಬಂದರೆ ಎಂಜಿನ್ ನಂಬರ್ ಬದಲಾಗುತ್ತದೆ. ಅದಕ್ಕೆ ಮೋಟಾರು ವಾಹನ ಕಾಯ್ದೆಯಡಿ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಗುಜರಿಯಿಂದ ತಂದ ಬ್ಲಾಕಿಗೆ ಬಿಲ್ಲು, ಕಾಗದ ಇಲ್ಲದಿದ್ದರೆ ಮುಟ್ಟಲೇಬೇಡಿ. ಬೋರಿಂಗ್, ರಿಂಗ್, ಮೆಟಲ್ ಕೆಲಸಕ್ಕೆ ಇದ್ಯಾವುದೂ ಬೇಡ.

ಕಟ್ಟುವಾಗ

ಹೋನಿಂಗ್ ಆಗಿ ಬಂದ ಬೋರನ್ನು ಡೀಸೆಲ್‌ನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಮುಗಿಸುವವರೇ ಹೆಚ್ಚು. ಅದು ಸಾಲದು. ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳಲ್ಲೇ ಕೂತಿರುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದಾದರೆ ಮತ್ತೆ ತೊಳೆಯಿರಿ. ಬಿಳಿಯಾಗೇ ಬಂದ ಕ್ಷಣವೇ ಒಣಗಿಸಿ ಆಯಿಲ್ ಹಚ್ಚಿ, ಇಲ್ಲದಿದ್ದರೆ ನೋಡುತ್ತಿದ್ದಂತೆ ತುಕ್ಕಿನ ಬಣ್ಣ ಏರುತ್ತದೆ. ಇನ್ನೊಂದು ಮಾತು: ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದರಿಂದಲೋ ಏನೋ, ಇಲ್ಲಿನ ಮೆಕ್ಯಾನಿಕ್ಕುಗಳ ಕೈಯಲ್ಲಿ ಕಾಟನ್ ವೇಸ್ಟ್ ಸದಾ ಇರುತ್ತದೆ. ಕೈ ಒರೆಸಲು ಇರಲಿ, ಎಂಜಿನ್ನಿನೊಳಗೆ ಬೇಡ. ಒಂದು ಎಳೆ ದಾರ ಆಯಿಲ್ ದಾರಿಯ ಬಾಯಿಗೆ ಸಿಕ್ಕಿದರೆ ಹೊಸ ಮೆಟಲ್ ಸುಡಲು ಅಷ್ಟೇ ಸಾಕು.

ಮೆಟಲ್‌ನ ಬೆನ್ನು ಮತ್ತು ಅದು ಕೂರುವ ಜಾಗ ಒಣಗಿರಬೇಕು, ಆಯಿಲ್ ಹಚ್ಚುವುದು ಜರ್ನಲ್ ಕಡೆಯ ಮುಖಕ್ಕೆ ಮಾತ್ರ. ಮೇನ್ ಮೆಟಲ್‌ನ ತೂತು ಬ್ಲಾಕಿನ ಆಯಿಲ್ ತೂತಿಗೆ ಸರಿಯಾಗಿ ಕೂತಿದೆಯೇ ನೋಡಿ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರಿನ ತೋಡುಗಳಿರುವ ಮುಖ ಕ್ರ್ಯಾಂಕಿನ ಕಡೆಗೆ. ಕ್ಯಾಪುಗಳನ್ನು ಹಂತಹಂತವಾಗಿ ಟಾರ್ಕಿಗೆ ತಂದು, ಪ್ರತಿ ಕ್ಯಾಪ್ ಬಿಗಿಯಾದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಎಲ್ಲ ಬಿಗಿದ ಮೇಲೆ ಒಮ್ಮೆ ತಿರುಗಿಸಿ ನೋಡುವವರಿಗೆ ಯಾವ ಕ್ಯಾಪಿನಲ್ಲಿ ಹಿಡಿಯಿತು ಎಂಬುದು ಗೊತ್ತಾಗುವುದಿಲ್ಲ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಕೆಳಗೆ ತಳ್ಳಿ ನೇರ ಮಾಡಿ, ಬಾಯಿಯ ಸಂದನ್ನು ಫೀಲರಿನಲ್ಲಿ ನೋಡಿ. ಬೋರಿನ ಪ್ರತಿ ಅಂಗುಲಕ್ಕೆ ಮೂರು ನಾಲ್ಕು ಥೌ ಎಂಬುದು ಹಳೆಯ ಲೆಕ್ಕ. ಸಂದು ತೀರಾ ಕಡಿಮೆಯಿದ್ದರೆ ಬಿಸಿಯಾದಾಗ ತುದಿಗಳು ಒತ್ತಿಕೊಂಡು ರಿಂಗ್ ಮುರಿಯುತ್ತದೆ. ರಿಂಗಿನ ಮೇಲೆ ಅಕ್ಷರದ ಗುರುತಿದ್ದರೆ ಆ ಮುಖ ಮೇಲಕ್ಕೆ. ಬಾಯಿಗಳು ಒಂದರ ಕೆಳಗೊಂದು ಬರದಂತೆ ಸುಮಾರು 120 ಡಿಗ್ರಿ ದೂರದಲ್ಲಿ ತಿರುಗಿಸಿಡಿ. ಪಿಸ್ಟನ್ನಿನ ಬಾಣ ಟೈಮಿಂಗ್ ಕಡೆಗೆ. ರಾಡಿನಲ್ಲಿ ಬೋಲ್ಟು ಚಾಚಿಕೊಂಡಿದ್ದರೆ ಅದಕ್ಕೆ ರಬ್ಬರ್ ಪೈಪಿನ ತುಂಡು ತೊಡಿಸಿ, ಹೊಸದಾಗಿ ಗ್ರೈಂಡ್ ಮಾಡಿದ ಜರ್ನಲಿಗೆ ಗೀರು ಬೀಳುವುದು ಈ ಹೊತ್ತಿನಲ್ಲೇ. ಸುತ್ತಿಗೆಯ ಹಿಡಿಯಿಂದ ತಟ್ಟುವಾಗ ಪಿಸ್ಟನ್ ಎಲ್ಲಾದರೂ ನಿಂತರೆ ಬಲ ಹಾಕಬೇಡಿ, ಯಾವುದೋ ರಿಂಗ್ ಹೊರಗೆ ಸಿಕ್ಕಿಕೊಂಡಿದೆ.

ಹೆಡ್ ಬೋಲ್ಟಿನ ತೂತುಗಳಲ್ಲಿ ಆಯಿಲೋ ನೀರೋ ನಿಂತಿದ್ದರೆ ಊದಿ ತೆಗೆಯಿರಿ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದು ಬೋಲ್ಟ್ ಇಳಿದರೆ ಬ್ಲಾಕ್ ಬಿರುಕು ಬಿಡಬಹುದು, ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಕೊನೆಗೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಜಾತಿಯ ಬೋಲ್ಟುಗಳು ಬಿಗಿಯುವಾಗಲೇ ಹಿಗ್ಗುತ್ತವೆ; ಮ್ಯಾನುಯಲ್ ಹೊಸದು ಹಾಕು ಎಂದರೆ ಹೊಸದೇ. ಟೈಮಿಂಗ್ ಗುರುತುಗಳನ್ನು ಕೂಡಿಸಿ, ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಪಾನಾದಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಆಗ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಕೂಡಬೇಕು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿನ ಸಂದು ಸರಿ ಮಾಡುವುದು, ಆಮೇಲೆ.

ಮೊದಲ ಸ್ಟಾರ್ಟ್

ಆಯಿಲ್ ತುಂಬಿಸಿ, ಹೊಸ ಫಿಲ್ಟರ್ ಹಾಕಿ, ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲಿನ ತಂತಿ ಕಳಚಿ, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ದೀಪ ಆರದೆ ಎಂಜಿನ್ ಸ್ಟಾರ್ಟ್ ಮಾಡಬಾರದು. ಹಳೆಯ ಪಂಪಿನ ಡೀಸೆಲ್ ಎಂಜಿನ್ನಾದರೆ ಮೊದಲು ಏರ್ ಲಾಕ್, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಿರಿ. ಹಾಗೆಯೇ ವೇಗ ಕೈಮೀರಿದರೆ ಗಾಳಿಯ ಬಾಯಿ ಮುಚ್ಚಲು ಒಂದು ಹಲಗೆ ಪಕ್ಕದಲ್ಲಿಟ್ಟುಕೊಳ್ಳಿ, ಕೈಯನ್ನು ಅಡ್ಡ ಕೊಡಬೇಡಿ.

ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ಪದ್ಧತಿ ಇಲ್ಲಿ ಬಹಳ ಕಡೆ ಇದೆ. ಅದರಿಂದ ರಿಂಗ್ ಕೂರುವುದಿಲ್ಲ. ಎಂಜಿನ್ ಬಿಸಿಯಾಗಿ, ಸೋರಿಕೆ ಇಲ್ಲ, ಫ್ಯಾನ್ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ರಸ್ತೆಗೆ ತನ್ನಿ. ರಿಂಗನ್ನು ಬೋರಿಗೆ ಒತ್ತುವುದು ಉರಿಯುವ ಅನಿಲದ ಒತ್ತಡ, ಅದು ಬರುವುದು ಸ್ವಲ್ಪ ಹೊರೆ ಬಿದ್ದಾಗ. ಹರಿಹರದ ಕಡೆಗೋ ಚಿತ್ರದುರ್ಗದ ಕಡೆಗೋ ಹೆದ್ದಾರಿಯಲ್ಲಿ ಹೋಗಿ ಬನ್ನಿ, ವೇಗವನ್ನು ಏರಿಸುತ್ತ ಇಳಿಸುತ್ತ. ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ, ಪೂರ್ತಿ ಒತ್ತುವುದೂ ಬೇಡ. ತಣ್ಣಗಾದ ಮೇಲೆ ನೀರಿನ ಮಟ್ಟ, ಟ್ಯಾಪೆಟ್ ಮತ್ತೆ ನೋಡಿ. ಮ್ಯಾನುಯಲ್ ಹೇಳಿದ್ದರೆ ಮಾತ್ರ ಹೆಡ್ ಮತ್ತೆ ಬಿಗಿಯಿರಿ.

500ರಿಂದ 1000 ಕಿಲೋಮೀಟರಿನೊಳಗೆ ಆಯಿಲ್, ಫಿಲ್ಟರ್ ಬದಲಿಸಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ, ಮರುಸಂಸ್ಕರಣೆಗೆ ಕೊಂಡೊಯ್ಯುವ ಅಧಿಕೃತರಿಗೇ ಕೊಡಿ. ತೆಗೆದ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಹರಡಿ. ನವಿರಾದ ಬೂದು ಹೊಳಪು ಹೊಸ ರಿಂಗ್ ಪಳಗಿದ್ದರ ಗುರುತು, ಅದಕ್ಕೆ ಹೆದರಬೇಕಿಲ್ಲ. ಅಯಸ್ಕಾಂತಕ್ಕೆ ಅಂಟದ ತಾಮ್ರದ ಬಣ್ಣದ ಚೂರುಗಳು ಕಂಡರೆ ಮಾಲೀಕರಿಗೆ ಅಂದೇ ಫೋನ್ ಮಾಡಿ ಗಾಡಿ ನಿಲ್ಲಿಸಲು ಹೇಳಿ, ಚೇಂಬರ್ ಇಳಿಸಿ ಮೆಟಲ್ ನೋಡಿ.